ಜಬ್ಬಾರ್ ಸಾಬರ ಮೆಹರ್ ಬಾಕಿ

ಹುಣಸೂರಿನ ವಕೀಲ ಗಂಗಾಧರಪ್ಪನವರ ಆಫೀಸಿನಲ್ಲಿ ನಾನು ಗುಮಾಸ್ತನಾಗಿದ್ದಷ್ಟು ಕಾಲ, ದಿವಾಳಿಯೆಂದು ಕೋರ್ಟು ಕೊಡುವ ಪಾಪರ್ ಚೀಟಿ ಕೇಳಿಕೊಂಡು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಹೊಗೆಸೊಪ್ಪಿನ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡವರು, ಮರದ ಕಂಟ್ರಾಕ್ಟು ಹಿಡಿದು ಮುಳುಗಿದವರು, ಮುಳುಗದೆಯೇ ಮುಳುಗಿದೆ ಎಂದು ಬಾಯಿ ಬಡಿದುಕೊಳ್ಳುವವರು. ಹೆಚ್ಚಿನವರು ಈ ಮೂರನೆಯ ಜಾತಿಯವರೇ. ಒಡವೆಯನ್ನು ಅಕ್ಕನ ಮನೆಯಲ್ಲಿಟ್ಟು, ಗದ್ದೆಯನ್ನು ಭಾಮೈದನ ಹೆಸರಿಗೆ ದಾಟಿಸಿ, ತೂತುಬಿದ್ದ ಬನಿಯನ್ ತೊಟ್ಟುಕೊಂಡು ಬಂದು ನಮ್ಮ ಬೆಂಚಿನ ಮೇಲೆ ಕೂರುತ್ತಿದ್ದರು. ಮೂರೂ ಬಿಟ್ಟವರು ಊರಿಗೆ ದೊಡ್ಡವರು. ಅವರಿಗೆಲ್ಲ ಚೀಟಿ ಸಿಕ್ಕಿತು. ಜಬ್ಬಾರ್ ಸಾಬರಿಗೆ ಮಾತ್ರ ಸಿಗಲಿಲ್ಲ.

ಜಬ್ಬಾರ್ ಸಾಬರದು ಕಲಾಯಿ ಕೆಲಸ. ಸೈಕಲ್ಲಿನ ಹಿಂದೆ ತಿದಿ, ಮುಂದೆ ಇದ್ದಿಲಿನ ಚೀಲ ಕಟ್ಟಿಕೊಂಡು ನಮ್ಮ ಗುರುಪುರಕ್ಕೆ, ಮಿರ್ಲೆಗೆ, ಪಿರಿಯಾಪಟ್ಟಣದ ಸುತ್ತಿನ ಹಳ್ಳಿಗಳಿಗೆ, ಆ ಕಡೆ ಕಾಡಂಚಿನ ಎನ್. ಬೇಗೂರಿನವರೆಗೂ ಹೋಗುತ್ತಿದ್ದರು. ಅರಳಿಕಟ್ಟೆಯ ಪಕ್ಕ ಗುಂಡಿ ತೋಡಿ, ತಿದಿ ಹೂಡಿ ಕುಳಿತರೆಂದರೆ ಊರಿನ ಹಿತ್ತಾಳೆ ತಾಮ್ರವೆಲ್ಲ ಅವರ ಮುಂದೆ ಬಂದು ಬೀಳುತ್ತಿತ್ತು. ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿ, ತವರ ಮುಟ್ಟಿಸಿ, ಅರಿವೆಯಲ್ಲಿ ಒಂದು ಸುತ್ತು ಒರೆಸಿದರೆ ಒಳಗೆಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ಅವರು ಕಲಾಯಿ ಹಾಕಿದ ಪಾತ್ರೆಯಲ್ಲಿ ಹುಳಿಸಾರು ರಾತ್ರಿಯೆಲ್ಲ ಇದ್ದರೂ ಕಿಲುಬು ಏಳುತ್ತಿರಲಿಲ್ಲ.

ಕೆಲಸದಲ್ಲಿ ಅಷ್ಟು ಗಟ್ಟಿ, ಬಾಯಿ ಮಾತ್ರ ಇಲ್ಲವೇ ಇಲ್ಲ. ಕೂಲಿ ಇಷ್ಟು ಎಂದು ಯಾರನ್ನೂ ಕೇಳಿದವರಲ್ಲ. ಮಿರ್ಲೆಯ ಚಿಕ್ಕಬಸಮ್ಮ ಎಂಬ ಮುದುಕಿ ಅವರನ್ನು ಎದುರಿಗೆ ಕೂರಿಸಿಕೊಂಡು ಬೈಯುತ್ತಿದ್ದಳಂತೆ.

“ಎಷ್ಟು ಕೊಡಬೇಕು ಅಂತ ಬಾಯಿ ಬುಟ್ಟು ಹೇಳು ಸಾಬಣ್ಣ.”

“ನಿಮ್ಮ ಮನಸ್ಸಿಗೆ ಬಂದಷ್ಟು ಕೊಡ್ರವ್ವ.”

“ಅಳದೆ ಇದ್ರೆ ಹೆತ್ತ ತಾಯೂ ಹಾಲು ಕೊಡಾಕಿಲ್ಲ ಕಣ್ ಸಾಬಣ್ಣ. ನೀನು ಹಿಂಗೇ ಇದ್ರೆ ಉದ್ಧಾರ ಆದಂಗೆ.”

ಎದುರಿನವರ ಮನಸ್ಸಿನಲ್ಲಿರುವುದು ತನಗೆ ಗೊತ್ತು ಎಂದು ಅವರು ನಂಬಿದ್ದರು. ಒಳ್ಳೆಯ ಮನುಷ್ಯರಿಗೆ ಬರುವ ಕಾಯಿಲೆ ಇದು. ಕೆಟ್ಟವರು ಕೇಳಿ ಕೇಳಿ ಕಿತ್ತುಕೊಳ್ಳುತ್ತಾರೆ. ಇವರು ಕೇಳದೆಯೇ ಕಳೆದುಕೊಳ್ಳುತ್ತಾರೆ.

ಒಬ್ಬಳೇ ಮಗಳು ಫಾತಿಮುನ್ನೀಸಾಳನ್ನು ಪಿರಿಯಾಪಟ್ಟಣಕ್ಕೆ ಮದುವೆ ಮಾಡಿ ಕೊಟ್ಟ ಮೇಲೆ, ಇನ್ನು ಸೈಕಲ್ ತುಳಿದದ್ದು ಸಾಕೆಂದು ಹುಣಸೂರಿನ ಬಜಾರಿನಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ ಇಟ್ಟರು. ಮಾಲು ಮೈಸೂರಿನ ಮಂಡಿಯಿಂದ ಉದ್ದರಿ, ಮುಂಗಡ ಕೆ.ಆರ್. ನಗರದ ಒಬ್ಬ ಲೇವಾದೇವಿಯವನಿಂದ ಸಾಲ. ಅದೇ ಹೊತ್ತಿಗೆ ಸ್ಟೀಲ್ ಪಾತ್ರೆ ಹಳ್ಳಿಗಳಿಗೆ ಕಾಲಿಟ್ಟಿತು. “ಸ್ಟೀಲಲ್ಲಿ ಅಟ್ಟ ಸಾರು ಯಾರು ಉಣ್ತಾರೆ ಲಿಂಗಯ್ಯನೋರೆ? ತಗಡಿನ ವಾಸ್ನೆ” ಎಂದು ಜಬ್ಬಾರ್ ಸಾಬರು ನನ್ನೆದುರು ನಕ್ಕಿದ್ದರು. ಎರಡು ವರ್ಷ ಕಳೆಯುವುದರೊಳಗೆ ನನ್ನ ಹೆಂಡತಿಯೇ ನಮ್ಮಜ್ಜಿಯ ಕೊಪ್ಪರಿಗೆಯನ್ನು ತೂಕಕ್ಕೆ ಹಾಕಿ ಸ್ಟೀಲ್ ಡಬ್ಬಗಳನ್ನು ತಂದು ಸಾಲಾಗಿ ಜೋಡಿಸಿಟ್ಟಿದ್ದಳು. ಸುಗ್ಗಿಗೆ ಕೊಡುತ್ತೇವೆಂದು ಕೊಡ ಕೊಳಗ ಒಯ್ದ ಹಳ್ಳಿಯವರ ಬಾಗಿಲಿಗೆ ಹೋಗಿ ನಿಂತು ಕೇಳುವ ನಾಲಿಗೆ ಜಬ್ಬಾರ್ ಸಾಬರಿಗಿರಲಿಲ್ಲ. ಅಂಗಡಿ ಕುಸಿಯಿತು.

ಇದರ ನಡುವೆ ಕಾಮಾಲೆ ಬಂದು ಸಾಯುವ ಹಾಗೆ ಮಲಗಿದರು. ಗಂಡುಮಕ್ಕಳಿಲ್ಲ. ತಾನು ಹೋದರೆ ಅಣ್ಣತಮ್ಮಂದಿರು ಪಾಲು ಕೇಳಿಕೊಂಡು ಬಂದು ಹೆಂಡತಿ ಗುಲ್ಜಾರ್ ಬೀಯನ್ನು ಮನೆಯಿಂದ ಎಬ್ಬಿಸುತ್ತಾರೆಂಬ ಹೆದರಿಕೆ ಹತ್ತಿತು. ಹಾಸಿಗೆ ಬಿಟ್ಟು ಎದ್ದವರೇ ಇದ್ದೊಂದು ಮನೆಯನ್ನು ಆಕೆಯ ಹೆಸರಿಗೆ ರಿಜಿಸ್ಟರ್ ಮಾಡಿಸಿಬಿಟ್ಟರು. ಪತ್ರ ಬರೆಯುವವನು, “ಸುಮ್ನೆ ದಾನ ಅಂತ ಬೇಡ, ಮೆಹರ್ ಬಾಬ್ತು ಕೊಟ್ಟದ್ದು ಅಂತ ಬರೀತೀನಿ, ಗಟ್ಟಿಯಾಗಿರ್ತದೆ” ಅಂದ. ಇವರು ಹೂಂ ಅಂದರು.

ಮೆಹರ್ ಎಂದರೆ ನಿಕಾಹ್ ಹೊತ್ತಿನಲ್ಲಿ ಗಂಡು ಹೆಣ್ಣಿಗೆ ಕೊಡುತ್ತೇನೆಂದು ಒಪ್ಪಿಕೊಳ್ಳುವ ಹಣ. ಕೊಡುವ ತನಕ ಅದು ಅವನ ತಲೆಯ ಮೇಲಿನ ಸಾಲವೇ. ಗುಲ್ಜಾರ್ ಬೀಯ ತಂದೆ, ಊರೂರು ಅಲೆಯುವ ಕಲಾಯಿಯವನು ಎಲ್ಲಿ ಮಗಳ ಕೈ ಬಿಟ್ಟಾನೋ ಎಂದು ಹೆದರಿ, ಒಂದು ಮನೆ ಕೊಳ್ಳುವಷ್ಟು ಮೆಹರ್ ಕಟ್ಟಿಸಿದ್ದರು. ಹುಡುಗ ಅದನ್ನು ಎಂದೂ ಕೊಡಲಾರ ಎಂಬುದು ಅವರಿಗೂ ಗೊತ್ತಿತ್ತು. ತಲಾಖ್ ಕೊಟ್ಟರೆ ಮೆಹರ್ ಪೂರಾ ಕಟ್ಟಬೇಕು, ಕೊಡಲಾರದ್ದಕ್ಕೇ ಬಿಟ್ಟುಹೋಗಲಾರ ಎಂಬುದು ಅವರ ಲೆಕ್ಕಾಚಾರ.

ಎಪ್ಪತ್ತೊಂದನೇ ಇಸವಿಯಲ್ಲಿ ಮಂಡಿಯವರು ಡಿಕ್ರಿ ಮಾಡಿಸಿಕೊಂಡರು. ಲೇವಾದೇವಿಯವನೂ ಅವರ ಹಿಂದೆಯೇ ಬಂದ. ಹಣ ಕಟ್ಟದಿದ್ದರೆ ಸಿವಿಲ್ ಜೈಲಿಗೆ ಹಾಕಿಸುತ್ತೇವೆ ಎಂಬ ನೋಟೀಸನ್ನು ಕೈಯಲ್ಲಿ ಹಿಡಿದುಕೊಂಡು ಜಬ್ಬಾರ್ ಸಾಬರು ನಮ್ಮ ಆಫೀಸಿನ ಮೆಟ್ಟಿಲು ಹತ್ತಿದರು. ಪಾಪರ್ ಚೀಟಿ ಸಿಕ್ಕರೆ ಜೈಲು ತಪ್ಪುತ್ತದೆ, ಇದ್ದಬದ್ದದ್ದನ್ನು ಕೋರ್ಟಿಗೆ ಒಪ್ಪಿಸಿ ಸಾಲದಿಂದ ಬಿಡುಗಡೆಯಾಗಬಹುದು ಎಂದು ಯಾರೋ ಹೇಳಿದ್ದರು.

ಗಂಗಾಧರಪ್ಪನವರು ಕನ್ನಡಕ ಏರಿಸಿದರು. “ಕೂತ್ಕೊಳ್ಳಿ ಸಾಬ್ರೇ. ಕೇಳಿದೋರ್ಗೆಲ್ಲ ಚೀಟಿ ಕೊಡೋದಕ್ಕೆ ಅದೇನು ಬಸ್ ಟಿಕೆಟ್ಟಾ? ನೀವು ಅದಕ್ಕೆ ಬರ್ತೀರೋ ಇಲ್ವೋ ಮೊದ್ಲು ನೋಡಾಣ. ಸಾಲ ಐನೂರಕ್ಕೆ ಮೇಲದೆ ತಾನೆ?”

“ಐನೂರಾ ಸ್ವಾಮಿ? ಅಷ್ಟೇ ಆಗಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ.”

“ಸರಿ. ತೀರ್ಸಾಕೆ ಏನದೆ ನಿಮ್ಮ ಹತ್ರ?”

“ಮಾರದೆ ಉಳಿದಿರೋ ಪಾತ್ರೆ, ಸೈಕಲ್ಲು, ತಿದಿ. ಅಷ್ಟೇಯ.”

“ಮನೆ?”

“ಅದು ನಮ್ಮ ಮನೆಯೋರ ಹೆಸರಲ್ಲಿ ಅದೆ.”

ವಕೀಲರು ರಿಜಿಸ್ಟರ್ ಪತ್ರವನ್ನೂ ನಿಕಾಹ್ ಕಾಗದವನ್ನೂ ತರಿಸಿಕೊಂಡು ಓದಿದರು. ಓದಿ, ಎಲ್ಲರಿಗೂ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಮನೆ ಜಬ್ಬಾರ್ ಸಾಬರದೇ ಆದರೆ, ಅದನ್ನು ಮಾರಿ ಸಾಲ ತೀರಿಸಬಹುದು. ತೀರಿಸುವ ಶಕ್ತಿಯಿದ್ದವನು ದಿವಾಳಿಯಲ್ಲ, ಅರ್ಜಿ ನಿಲ್ಲುವುದಿಲ್ಲ. ಮನೆ ಗುಲ್ಜಾರ್ ಬೀಯದಾದರೆ ಇವರು ದಿವಾಳಿ, ಚೀಟಿ ಸಿಗುತ್ತದೆ, ಮನೆಯೂ ಉಳಿಯುತ್ತದೆ. ಪತ್ರವಾಗಿ ಇನ್ನೂ ಎರಡು ವರ್ಷ ತುಂಬಿಲ್ಲ, ಹಾಗಾಗಿ ಕೋರ್ಟು ಅದನ್ನು ಕೆದಕಬಹುದು. ಸುಮ್ಮನೆ ಕೊಟ್ಟದ್ದಾದರೆ ಕೋರ್ಟು ಅದನ್ನು ಸಾಲ ಕೊಟ್ಟವರಿಂದ ಬಚ್ಚಿಟ್ಟದ್ದು ಅನ್ನುತ್ತದೆ. ನಿಜವಾದ ಮೆಹರ್ ಬಾಕಿಗೆ ಬದಲಾಗಿ ಕೊಟ್ಟದ್ದಾದರೆ ಯಾರೂ ಮುಟ್ಟುವ ಹಾಗಿಲ್ಲ.

“ಮೆಹರ್ ಬಾಕಿ ಇತ್ತು ತಾನೆ ಸಾಬ್ರೇ? ಹಿಂದೆ ಏನೂ ಕೊಟ್ಟಿರ್ಲಿಲ್ವಲ್ಲ?”

“ಕೊಟ್ಟಿರ್ಲಿಲ್ಲ ಸ್ವಾಮಿ.” ಜಬ್ಬಾರ್ ಸಾಬರು ತಲೆ ತಗ್ಗಿಸಿದರು. “ಆದ್ರೆ ಬಾಕೀನೂ ಇರ್ಲಿಲ್ಲ. ಅದು ಮಾಫ್ ಆಗಿತ್ತು.”

“ಯಾವಾಗ?”

“ಮದುವೆಯಾದ ದಿನಾನೇ. ನಮ್ಮಲ್ಲಿ ಹಂಗೇ ಸ್ವಾಮಿ. ನನ್ನ ಕೈಲಿ ಆಗಾಕಿಲ್ಲ, ಮಾಫ್ ಮಾಡು ಅಂತ ಗಂಡ ಕೇಳ್ತಾನೆ. ಹೆಣ್ಣು ಮಾಫ್ ಮಾಡ್ತಾಳೆ. ನಾನೂ ಕೇಳಿದ್ದೆ.”

ವಕೀಲರು ಪೆನ್ನು ಕೆಳಗಿಟ್ಟರು. ನಾನು ಫೈಲು ಮುಚ್ಚಿದೆ. ಇಂಥ ಮಾತನ್ನು ಕೇಳಿದವರು ಯಾರು, ಹೇಳಬೇಕಾದ ದರ್ದು ಏನಿತ್ತು? ಪಕ್ಕದ ಬೆಂಚಿನಲ್ಲಿ ಭಾಮೈದನ ಹೆಸರಿಗೆ ಗದ್ದೆ ಬರೆದಿಟ್ಟವನೊಬ್ಬ ಕೂತು ಬೀಡಿ ಸೇದುತ್ತಿದ್ದ. ಈ ಮನುಷ್ಯ ಮದುವೆ ರಾತ್ರಿಯ ಮಾತನ್ನು ತಂದು ಮೇಜಿನ ಮೇಲೆ ಇಟ್ಟಿದ್ದ.

“ನೋಡಿ, ಆಯಮ್ಮ ಕೋರ್ಟಿಗೆ ಬಂದು ‘ನಾನು ಮಾಫ್ ಮಾಡಿಲ್ಲ’ ಅಂತ ಒಂದು ಮಾತು ಹೇಳಿದ್ರೆ ಮುಗೀತು” ಅಂದರು ಗಂಗಾಧರಪ್ಪ. “ಮಾಫ್ ಮಾಡಿದ್ದಕ್ಕೆ ಸಾಕ್ಷಿ ಯಾರವ್ರೆ? ಮನೆಗೋಗಿ ಆಯಮ್ಮನ್ನ ಒಂದ್ಸಲ ಕೇಳ್ಕೊಂಡು ಬನ್ನಿ.”

ಜಬ್ಬಾರ್ ಸಾಬರು ಎದ್ದರು. ನಾನೂ ಹಿಂದೆಯೇ ಹೋಗಿ ಎದುರಿನ ಟೀ ಅಂಗಡಿಯಲ್ಲಿ ಅವರನ್ನು ಕೂರಿಸಿದೆ.

“ಒಂದು ಮಾತು ಕೇಳಿ ಸಾಬ್ರೇ. ಕೇಳಿದ್ರೆ ಗಂಟೇನು ಹೋಗ್ತದೆ?” ಅಂದೆ.

“ಕೇಳಿದ್ರೆ ಅವಳು ನನಗೋಸ್ಕರ ಸುಳ್ಳು ಹೇಳ್ತಾಳೆ ಲಿಂಗಯ್ಯನೋರೆ. ಕೋರ್ಟಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳ್ತಾಳೆ. ಐದು ಹೊತ್ತು ನಮಾಜು ಮಾಡೋ ಹೆಂಗಸು. ಕೇಳೋದೇ ತಪ್ಪು.”

“ಆಯಮ್ಮ ಏನಂತಾರೋ ಅದು ನಿಮಗೆ ಹೆಂಗ್ ಗೊತ್ತು?”

“ಇಪ್ಪತ್ತು ವರ್ಷ ಮೇಲಾಯ್ತಲ್ಲ ಸಂಸಾರ ಮಾಡಿ. ಗೊತ್ತಿಲ್ವಾ?” ಎಂದು ಟೀ ಅರ್ಧ ಬಿಟ್ಟು ಎದ್ದರು.

ಮಾರನೆಯ ದಿನ ಬಂದು, “ಮನೆ ನಂದೇ ಅಂತ ಬರ್ಕಳಿ ಸ್ವಾಮಿ” ಅಂದರು. ಗಂಗಾಧರಪ್ಪನವರು ಕೇಳಿದರು, “ಆಯಮ್ಮನ್ನ ಕೇಳಿದ್ರಾ?” “ಕೇಳೋದೇನದೆ ಸ್ವಾಮಿ” ಎಂದಷ್ಟೇ ಉತ್ತರ.

“ಹಂಗಾದ್ರೆ ನೀವು ದಿವಾಳಿ ಅಲ್ಲ. ನಿಮಗೆ ಚೀಟಿ ಬರಲ್ಲ. ಮನೆ ಮಾರಿ, ಸಾಲ ತೀರ್ಸಿ. ನಿಮ್ಮಂಥೋರೇ ಬಂದ್ರೆ ನಾವು ವಕೀಲರು ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕ್ಕಬೇಕಾಗ್ತದೆ” ಎಂದು ವಕೀಲರು ಕಾಗದಗಳನ್ನು ನನ್ನ ಕಡೆ ತಳ್ಳಿದರು. ಫೀಸು ಮಾತ್ರ ತೆಗೆದುಕೊಳ್ಳಲಿಲ್ಲ. ಆ ಮಟ್ಟಿಗೆ ಅವರಿಗೂ ನಾಚಿಕೆಯಾಗಿತ್ತು.

ಮನೆಯನ್ನು ಮಂಡಿಯವರ ಪೈಕಿಯವರೇ ಕೊಂಡರು. ಪತ್ರ ಗುಲ್ಜಾರ್ ಬೀಯ ಹೆಸರಿನಲ್ಲಿದ್ದದ್ದರಿಂದ ಆಕೆಯೇ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬಂದು ಹೆಬ್ಬೆಟ್ಟು ಒತ್ತಬೇಕಾಗಿತ್ತು. ಸಾಕ್ಷಿ ನಾನು. ಕಪ್ಪು ಬುರ್ಖಾದಲ್ಲಿ ಗೋಡೆಗೆ ಒತ್ತಿ ನಿಂತಿದ್ದ ಆಕೆಯನ್ನು ಅಧಿಕಾರಿ ಪದ್ಧತಿಯಂತೆ ಕೇಳಿದರು.

“ಏನಮ್ಮ, ಮನೆ ಮಾರ್ತಾ ಇದೀರಿ. ಪತ್ರದಲ್ಲಿರೋದು ಗೊತ್ತಾ? ನಿಮಗೆ ಒಪ್ಪಿಗೆ ತಾನೆ?”

ಗುಲ್ಜಾರ್ ಬೀ ಮಾತಾಡಲಿಲ್ಲ. ಅಧಿಕಾರಿ ಪೆನ್ನು ಹಿಡಿದುಕೊಂಡು ಕಾದರು. ಆಕೆ ಗಂಡನ ಕಡೆ ತಿರುಗಿದ್ದು ಬುರ್ಖಾದೊಳಗಿಂದಲೂ ತಿಳಿಯುತ್ತಿತ್ತು.

“ಒಪ್ಪಿಗೆ ಅದೆ ಸ್ವಾಮಿ” ಅಂದರು ಜಬ್ಬಾರ್ ಸಾಬರು.

ಕಚೇರಿಯ ಗುಮಾಸ್ತ ಆಕೆಯ ಹೆಬ್ಬೆರಳನ್ನು ಮಸಿಗೆ ಅದ್ದಿ ಒತ್ತಿಸಿದ. ಸಾಲಕ್ಕೆ ಮನೆ ಹೋಗುತ್ತದೆ ಎಂಬುದೊಂದನ್ನು ಬಿಟ್ಟು ಆಕೆಗೆ ಇವರು ಏನನ್ನೂ ಹೇಳಿರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು.

ಸಾಲ ತೀರಿತು. ಕೈಯಲ್ಲಿ ಉಳಿದದ್ದು ಸೊನ್ನೆ. ಗಂಡ ಹೆಂಡತಿ ಮಸೀದಿಯ ಹಿಂದಿನ ಸಂದಿಯಲ್ಲಿ ಒಂದು ಬಾಡಿಗೆ ಕೋಣೆಗೆ ಬಂದರು. ಕೆಲವು ತಿಂಗಳಾದ ಮೇಲೆ ಹಳೆಯ ಫೈಲುಗಳನ್ನು ಕಟ್ಟಿಡುವಾಗ ಅವರ ನಿಕಾಹ್ ಕಾಗದ ನಮ್ಮಲ್ಲೇ ಉಳಿದಿದ್ದದ್ದು ಕಂಡಿತು. ಕೊಟ್ಟು ಬರೋಣವೆಂದು ಸಂಜೆ ಹೋದೆ. ಕೋಣೆಯ ಮುಂದಿನ ಗೇಣಗಲ ಜಾಗದಲ್ಲಿ ಜಬ್ಬಾರ್ ಸಾಬರು ಯಾವುದೋ ಹೋಟೆಲಿನ ಕೊಳಗಕ್ಕೆ ಕಲಾಯಿ ಹಾಕುತ್ತಿದ್ದರು. ಗುಲ್ಜಾರ್ ಬೀ ತಿದಿ ಒತ್ತುತ್ತಿದ್ದಳು. ನನ್ನನ್ನು ಕಂಡು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಾಗದ ಈಸಿಕೊಂಡಳು.

“ಇದು ವಕೀಲ್ರಿಗೆ ಯಾಕೆ ಬೇಕಾಗಿತ್ತು ಅಣ್ಣಾ?”

ಗಂಡ ಹೇಳಿದ್ದಾರೆಂದೇ ನಾನು ತಿಳಿದಿದ್ದೆ. ಎಲ್ಲವನ್ನೂ ಹೇಳಿದೆ: ಮೆಹರ್ ಬಾಕಿ ಇದ್ದಿದ್ದರೆ ಮನೆ ಆಕೆಯದಾಗಿ ಉಳಿಯುತ್ತಿತ್ತು, ಮಾಫ್ ಆಗಿದ್ದರಿಂದ ಉಳಿಯಲಿಲ್ಲ ಎಂದು. ಜಬ್ಬಾರ್ ಸಾಬರು, “ಈಗ ಯಾಕೆ ಬುಡಿ ಅದೆಲ್ಲ” ಅಂದರು.

ಗುಲ್ಜಾರ್ ಬೀಯ ಕೈ ತಿದಿಯ ಮೇಲೆ ನಿಂತಿತು.

“ಮಾಫ್ ಆಯ್ತು ಅಂತ ಯಾರು ಹೇಳಿದ್ರು?”

ನಾನು ಜಬ್ಬಾರ್ ಸಾಬರ ಮುಖ ನೋಡಿದೆ.

“ಇವ್ರು ಕೇಳಿದ್ದು ನಿಜ ಅಣ್ಣಾ” ಅಂದಳು. “ಆಗ ನನಗೆ ಹದಿನಾರು. ಕೇಳಿದ್ರೆ ಮಾಫ್ ಮಾಡ್ದೆ ಅನ್ನು ಅಂತ ನಮ್ಮವ್ವ ಹೇಳ್ಕೊಟ್ಟಿದ್ಲು. ಬಾಯಿಗೆ ಬರ್ಲಿಲ್ಲ. ನಮ್ಮಪ್ಪ ನನಗೆ ಅಂತ ಕಟ್ಟಿಸಿದ್ದು ಅದೊಂದೇಯ, ಅದನ್ನೂ ಬಂದ ಬಾಗಿಲಲ್ಲೇ ಕೊಟ್ಬುಡ್ಲಾ ಅನ್ನಿಸ್ತು. ಮುಖ ಮುಚ್ಕೊಂಡು ಕೂತಿದ್ದೆ. ಇವ್ರು ಸ್ವಲ್ಪ ಹೊತ್ತು ಕಾದು, ಸರಿ ಅಂತ ಎದ್ದೋದ್ರು. ಆಮೇಲೆ ಒಂದಿನಾನೂ ಆ ಮಾತು ಎತ್ತಲಿಲ್ಲ. ಮನೆ ನನ್ನ ಹೆಸ್ರಿಗೆ ಬರೆಸ್ದಾಗ, ಪತ್ರದಲ್ಲಿ ಮೆಹರ್ ಅಂತ ಓದಿದ್ದು ಕೇಳ್ದೆ. ಇಷ್ಟು ವರ್ಷ ಆದ್ರೂ ನೆನಪಿಟ್ಕೊಂಡು ಕೊಟ್ರಲ್ಲ ಅಂತ ಒಳಗೋಗಿ ಅತ್ತಿದ್ದೆ.”

“ನಾನು ಅಂದ್ಕಂಡೆ…” ಎಂದು ಜಬ್ಬಾರ್ ಸಾಬರು ಬಾಯಿ ತೆರೆದರು.

“ಅದೇಯ. ನೀವೇ ಅಂದ್ಕಂಡ್ರಿ. ಕಚೇರೀಲೂ ನೀವೇ ಅಂದ್ರಿ.”

ಕೋಪದಲ್ಲಿ ಅಂದದ್ದಲ್ಲ. ಕೋಪವಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಜಬ್ಬಾರ್ ಸಾಬರು ಕೈಯಲ್ಲಿದ್ದ ಅರಿವೆಯನ್ನು ಕೆಳಗಿಟ್ಟರು. ಕಾದಿದ್ದ ಕೊಳಗ ಕಪ್ಪಾಯಿತು, ತವರ ಹಿಡಿಯಲಿಲ್ಲ. ಒಂದೇ ಒಂದು ಮಾತು ಕೇಳಿದ್ದರೆ ಆಕೆ ನಿಜವನ್ನೇ ಹೇಳುತ್ತಿದ್ದಳು, ಸುಳ್ಳಿನ ಗೊಡವೆಯೇ ಇರಲಿಲ್ಲ, ಮನೆ ಉಳಿಯುತ್ತಿತ್ತು. ಹೆಂಡತಿಯ ಧರ್ಮ ಕಾಪಾಡಲು ಹೋಗಿ ಆಕೆಯ ಸೂರನ್ನೇ ಮಾರಿಬಿಟ್ಟಿದ್ದರು. ನಾನು ಚಪ್ಪಲಿ ಮೆಟ್ಟಿಕೊಂಡು ಬಂದೆ.

ಜಬ್ಬಾರ್ ಸಾಬರು ಮತ್ತೆ ಸೈಕಲ್ ಹತ್ತಿದರು. ಈಗ ಹಳ್ಳಿಗಳಲ್ಲಿ ಕಲಾಯಿ ಕೇಳುವವರು ಎಲ್ಲಿ? ಮದುವೆಯ ಅಡಿಗೆಯವರ ಹಂಡೆ, ಹೋಟೆಲಿನ ಕೊಳಗ, ಸ್ಟೀಲ್ ಕೊಳ್ಳಲು ಕಾಸಿಲ್ಲದ ಕಾಡಂಚಿನ ಗಿರಿಜನರ ಹಾಡಿಗಳ ನಾಲ್ಕು ಪಾತ್ರೆ. ಒಮ್ಮೆ ಎನ್. ಬೇಗೂರಿನ ಕಡೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಬಂದ ದಿನ ದುಡಿದದ್ದರಲ್ಲಿ ಒಂದಷ್ಟನ್ನು ಬೇರೆ ಎತ್ತಿ, ಮೆಹರ್ ಬಾಬ್ತು ಎಂದು ಬಾಯಿಬಿಟ್ಟು ಹೇಳಿ ಹೆಂಡತಿಯ ಕೈಗೆ ಕೊಡುತ್ತಿದ್ದರು. ಆಕೆ ಈಸಿಕೊಳ್ಳುತ್ತಿದ್ದಳು. ಮಾರನೆಯ ದಿನ ಅದರಲ್ಲೇ ಅಕ್ಕಿ, ಸೀಮೆಎಣ್ಣೆ ಬರುತ್ತಿತ್ತು. ಬೇರೆ ಹಣ ಮನೆಯಲ್ಲಿದ್ದರೆ ತಾನೆ?

ಇದೇ ಅವರಿಗೆ ಹೊಸ ಕೊರಗಾಯಿತು. ಆಫೀಸಿನ ಎದುರು ಸೈಕಲ್ ನಿಲ್ಲಿಸಿ ನನ್ನನ್ನು ಕೇಳುತ್ತಿದ್ದರು. “ನೀವು ಕಾನೂನು ಕಂಡೋರು. ಹೆಂಡ್ತಿಗೆ ಅನ್ನ ಹಾಕೋದು ಗಂಡನ ಕೆಲಸ. ನಾನು ಕೊಟ್ಟ ದುಡ್ಡಲ್ಲಿ ಅವಳು ನಂಗೇ ಅನ್ನ ಹಾಕ್ತಾಳೆ. ಅದು ಮೆಹರ್ ಲೆಕ್ಕಕ್ಕೆ ಬರ್ತದಾ ಲಿಂಗಯ್ಯನೋರೆ?”

ಬರುತ್ತದೆ ಅಂದಿದ್ದರೆ ಒಂದು ರಾತ್ರಿ ನಿದ್ದೆ ಮಾಡುತ್ತಿದ್ದರೇನೋ. “ಆಯಮ್ಮನ್ನೇ ಕೇಳಿ” ಎಂದು ರೇಗುತ್ತಿದ್ದೆ.

“ಕೇಳ್ದೆ. ನೀವು ಕೊಡೋದು ಕೊಡಿ, ನಾನು ಮಾಡೋದು ಮಾಡ್ತೀನಿ ಅಂತಾಳೆ.”

ಎಪ್ಪತ್ತೆಂಟರಲ್ಲಿ ಅವರು ತೀರಿಕೊಂಡರು. ಅದಕ್ಕೆ ಒಂದು ವಾರದ ಹಿಂದೆ ಟೀ ಅಂಗಡಿಯಲ್ಲಿ ಸಿಕ್ಕಿದ್ದರು. ದಮ್ಮು ಹತ್ತಿತ್ತು. “ಅರ್ಧಾನೂ ಮುಟ್ಟಿಸಿಲ್ಲ ಲಿಂಗಯ್ಯನೋರೆ. ಇನ್ನು ನನ್ನ ಕೈಲಾಗಾಕಿಲ್ಲ. ಸಾಲ ಹೊತ್ಕೊಂಡೇ ಹೋಗ್ತೀನಿ” ಅಂದರು. ಈ ಸಲ ರೇಗಲಿಲ್ಲ, ಟೀ ಕುಡಿಯಿರಿ ಅಂದೆ.

ಸುದ್ದಿ ತಿಳಿದು ಹೋದಾಗ ಸಂದಿಯ ತುಂಬ ಜನ. ಗಂಡಸರು ಹೊರಗೆ, ಹೆಂಗಸರು ಕೋಣೆಯೊಳಗೆ. ಬಾಗಿಲು ತೆರೆದೇ ಇತ್ತು. ಹೆಣ ಎತ್ತುವ ಮುಂಚೆ, ಸತ್ತವನ ಮೆಹರ್ ಬಾಕಿಯನ್ನು ಮಾಫ್ ಮಾಡಿದೆಯಾ ಎಂದು ಹೆಂಡತಿಯನ್ನು ಕೇಳುವ ರೂಢಿ ಅವರಲ್ಲಿದೆ. ಅವರ ಉರ್ದು ಮಾತು ನನಗೆ ಅಷ್ಟಿಷ್ಟು ತಿಳಿಯುತ್ತಿತ್ತು. ಯಾರೋ ಮುದುಕಿ ಕೇಳಿದಳು. ಗುಲ್ಜಾರ್ ಬೀ ಉತ್ತರ ಕೊಡಲಿಲ್ಲ. ಮುದುಕಿ ಇನ್ನೊಮ್ಮೆ ಕೇಳಿ, ಸ್ವಲ್ಪ ಕಾದು, ಹೊರಗಿನವರ ಕಡೆ ತಿರುಗಿ, “ಮಾಫ್ ಮಾಡಿದ್ದಾಳೆ, ಎತ್ತಿ” ಅಂದಳು.

“ಮಾಫ್ ಮಾಡಿಲ್ಲ” ಎಂದಿತು ಒಳಗಿನ ದನಿ.

ಹೆಗಲು ಕೊಡಲು ಬಗ್ಗಿದವರು ಹಾಗೇ ನಿಂತರು. ಗುಲ್ಜಾರ್ ಬೀ ಬಾಗಿಲಿನ ತನಕ ಬಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ಮಾಫ್ ಮಾಡೋಕೆ ಏನೂ ಉಳಿದಿಲ್ಲ. ಪೂರಾ ಕೊಟ್ಟಿದ್ದಾರೆ. ಒಂದು ಕಾಸೂ ಬಾಕಿ ಇಲ್ಲ.”

ಒಳ್ಳೆಯ ಮನುಷ್ಯ, ಋಣ ಇಟ್ಟುಕೊಳ್ಳದೆ ಹೋದ ಎಂದು ಜನ ತಲೆದೂಗಿದರು. ಅದು ಸುಳ್ಳೆಂದು ಅಲ್ಲಿ ಗೊತ್ತಿದ್ದದ್ದು ಆಕೆಗೆ, ನನಗೆ. ಹೆಂಡತಿಯ ಬಾಯಲ್ಲಿ ಸುಳ್ಳೊಂದು ಬರಬಾರದೆಂದು ಮನೆ ಕಳೆದುಕೊಂಡವರು ಬಿಳಿ ಬಟ್ಟೆಯೊಳಗೆ ಮಲಗಿದ್ದರು. ಗಂಡಸರು ಎತ್ತಿದರು. ನಾನೂ ಸಂದಿ ಮುಗಿಯುವ ತನಕ ಹೆಗಲು ಕೊಟ್ಟೆ.